ಎಲ್ಲ ಕಡೆಯೂ ಇಪ್ಪತ್ತೆಂಟೂವರೆ

ನನ್ನ ತಮ್ಮ ಫ್ರಿಜ್ ರಿಪೇರಿಯವನು. ಅವನ ಕಸುಬಿನವರೆಲ್ಲ ಅವನನ್ನು ಕರೆಯುವುದು ‘ಡಿಗ್ರಿ’ ಅಂತ. ಹತ್ತನೇ ತರಗತಿ ಮುಗಿಸಿ ನೆಟ್ಟಗೆ ಐಸ್ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದವನಿಗೆ ಕಾಲೇಜಿನ ಡಿಗ್ರಿ ಎಲ್ಲಿಂದ ಬರಬೇಕು? ಇದು ಬೇರೆ ಡಿಗ್ರಿ. ಯಾರ ಮನೆಗೆ ಹೋಗಲಿ, ಎಂಥ ಫ್ರಿಜ್ಜೇ ಇರಲಿ, ಬಾಗಿಲು ತೆರೆದ ಕೂಡಲೇ ಅವನು ಕೇಳುವ ಮೊದಲ ಮಾತು ಒಳಗೆ ಎಷ್ಟು ಡಿಗ್ರಿ ಇದೆ ಎಂದು. ಮನೆಯವರಿಗೆ ಅದು ಗೊತ್ತಿದ್ದರೆ ಇವನನ್ನು ಯಾಕೆ ಕರೆಸುತ್ತಿದ್ದರು ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅದನ್ನೆಲ್ಲ ಅವನು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ.

ಅವನ ಅಂಗಿ ಜೇಬಿನಲ್ಲಿ ಸದಾ ಒಂದು ಮೀಟರು. ಮೀಟರಿಗೆ ಉದ್ದನೆಯ ತಂತಿ, ತಂತಿಯ ತುದಿಗೆ ಜೋಳದ ಕಾಳಿನಷ್ಟು ಒಂದು ಮೂತಿ. ಆ ಮೂತಿಗೆ ದಾರ ಕಟ್ಟಿ ಫ್ರಿಜ್ಜಿನ ನಟ್ಟನಡುವೆ, ಯಾವ ಗೋಡೆಗೂ ತಾಗದ ಹಾಗೆ ತೂಗುಬಿಡುತ್ತಾನೆ. ಬಾಗಿಲು ಮುಚ್ಚಿ ನಲವತ್ತು ನಿಮಿಷ ಕಾಯುತ್ತಾನೆ. ಅಷ್ಟು ಹೊತ್ತು ಬಾಗಿಲನ್ನು ಯಾರೂ ಮುಟ್ಟುವ ಹಾಗಿಲ್ಲ. ಮಗು ಹಾಲಿಗೆ ಅಳುತ್ತಿದೆ ಎಂದರೂ ಇಲ್ಲ. ಆಮೇಲೆ ನಾಲ್ಕು ಮೂಲೆಯಲ್ಲಿ ಅಳೆಯುತ್ತಾನೆ, ಮೇಲೆ ಅಳೆಯುತ್ತಾನೆ, ಕೆಳಗೆ ಅಳೆಯುತ್ತಾನೆ. ಎಲ್ಲ ಕಡೆಯೂ ಒಂದೇ ಅಂಕಿ ಬರಬೇಕು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಮತ್ತೆ ಎಲ್ಲ ಬಿಚ್ಚುತ್ತಾನೆ. ಒಂದು ಮೂಲೆ ಬೆಚ್ಚಗಿದ್ದರೆ ಅದು ಫ್ರಿಜ್ ಅಲ್ಲ, ಬೀರು ಎನ್ನುತ್ತಾನೆ. ಹೀಗಾಗಿ ಅವನು ಮಾಡಿಕೊಟ್ಟ ಫ್ರಿಜ್ ಮತ್ತೆ ಕೆಡುವುದು ಅಪರೂಪ. ಅದನ್ನು ನಾನೂ ಒಪ್ಪುತ್ತೇನೆ, ಅವನೆದುರಿಗೆ ಮಾತ್ರ ಹೇಳುವುದಿಲ್ಲ. ಮೊದಲೇ ಜಂಬ, ಇನ್ನು ನಾನೂ ಉಬ್ಬಿಸಿದರೆ ಹಿಡಿಯಲಾಗುವುದಿಲ್ಲ.

ಅವನಿಗಿರುವ ರೋಗ ಒಂದೇ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಹತ್ತು ವರ್ಷದವನಿದ್ದಾಗ ನನ್ನ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ತಗಡು ಕತ್ತರಿಸಿ ಅದರ ಬಾಯಿ ಮುರಿದ. ಅದು ಮೊದಲೇ ಸಡಿಲವಾಗಿತ್ತು ಎಂದು ಎರಡು ದಿನ ವಾದ ಮಾಡಿದ. ಮೂರನೇ ದಿನ ಸಾಣೆ ಹಿಡಿಸಿ, ಎಣ್ಣೆ ಬಿಟ್ಟು, ಮೊದಲಿಗಿಂತ ಚೆನ್ನಾಗಿ ಮಾಡಿ ಮೊಳೆಗೆ ನೇತುಹಾಕಿದ. ಬಾಯಲ್ಲಿ ಮಾತ್ರ ಒಂದಕ್ಷರ ಇಲ್ಲ. ಅವನು ಕೈಯಲ್ಲಿ ಕ್ಷಮೆ ಕೇಳುವ ಜಾತಿ. ನಾನು ಏಳು ವರ್ಷ ದೊಡ್ಡವಳು, ಹೊಟ್ಟೆಗೆ ಹಾಕಿಕೊಂಡೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ದಿನವೂ ನೂರು ತರದ ರೋಗಿಗಳನ್ನು ನೋಡುವವಳು, ಅವಳೂ ಹೊಟ್ಟೆಗೆ ಹಾಕಿಕೊಂಡಳು. ದೊಡ್ಡವರಾದ ನಮಗೆ ಅದು ಒಂದು ತಮಾಷೆ.

ನಾನಿರುವುದು ಅವರ ಜೊತೆಯಲ್ಲೇ. ಮದುವೆ ಆಗಲಿಲ್ಲ, ಆಗಬೇಕು ಅಂತಲೂ ಅನಿಸಲಿಲ್ಲ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಆ ಮೆಷಿನ್ನಿನ ಪಕ್ಕದಲ್ಲಿ ಬೆಳೆದವಳು ಅವರ ಮಗಳು. ಒಂದು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಒಂದು ಗುಂಡಿ ನುಂಗಿ, ಅದು ಹೊರಗೆ ಬರುವವರೆಗೆ ನಮ್ಮೆಲ್ಲರ ಜೀವ ಬಾಯಿಗೆ ಬರಿಸಿದ್ದಳು. ಅಂದಿನಿಂದ ಅವಳು ನಮಗೆ ಗುಂಡಿ. ಈಗ ಅವಳಿಗೆ ಒಂಬತ್ತು. ಮಾತು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಜಾಸ್ತಿ.

ಈ ಗುಂಡಿಗೆ ಏನಾದರೂ ಸಾಕಬೇಕು ಎಂಬ ಆಸೆ ಹತ್ತಿತು. ನಾಯಿ, ಬೆಕ್ಕು ಎರಡಕ್ಕೂ ದಾರಿ ಇರಲಿಲ್ಲ. ಅವಳ ಅಮ್ಮನಿಗೆ ಕೂದಲಿರುವ ಪ್ರಾಣಿ ಹತ್ತಿರ ಬಂದರೆ ಉಬ್ಬಸ. ಅಲ್ಲದೆ ಮನೆ ಮಾಲೀಕರು ನಾಯಿ ಬೆಕ್ಕು ಕೂಡದು ಎಂದು ಕರಾರಿನಲ್ಲೇ ಬರೆಸಿದ್ದರು. ಹಲ್ಲಿ ಕೂಡದು ಎಂದು ಬರೆಸಿರಲಿಲ್ಲ. ಗುಂಡಿ ಶಾಲೆಯ ಲೈಬ್ರರಿಯಲ್ಲಿ ಒಂದು ಪುಸ್ತಕ ನೋಡಿ ಬಂದು, ಸಾಕುವ ಹಲ್ಲಿ ಅಂತ ಇದೆ, ಮೈಮೇಲೆ ಚಿರತೆಯ ಹಾಗೆ ಚುಕ್ಕಿ, ಕೂದಲಿಲ್ಲ, ಗಲಾಟೆ ಇಲ್ಲ, ಗೋಡೆ ಹತ್ತುವುದಿಲ್ಲ ಎಂದು ಊಟದ ಹೊತ್ತಿಗೆ ಒಂದೊಂದೇ ಹೇಳಿದಳು. ಟ್ಯೂಬ್‌ಲೈಟಿನ ಹಿಂದೆ ಪುಕ್ಕಟೆ ಸಂಸಾರ ಮಾಡಿಕೊಂಡಿರುವ ಹಲ್ಲಿಗಳು ಸಾಲದೇನೇ ಎಂದು ನಾನು ಕೇಳಿದೆ. ಅವಕ್ಕೆ ಕಣ್ಣು ಮುಚ್ಚೋಕೆ ಬರಲ್ಲ ಅತ್ತೆ, ಇದಕ್ಕೆ ರೆಪ್ಪೆ ಇದೆ ಎಂದಳು. ರೆಪ್ಪೆ ಇದ್ದರೆ ಏನು ಕಡಿದು ಕಟ್ಟೆ ಹಾಕುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ಆದರೆ ಅವಳು ಬಾಯಿ ಬಿಟ್ಟು ಕೇಳುವುದೇ ವರ್ಷಕ್ಕೊಂದು ಸಲ. ಅವಳಪ್ಪ ಹೂಂ ಅಂದ.

ಸಾಕುಪ್ರಾಣಿ ಅಂಗಡಿಗೆ ನಾನೂ ಹೋಗಿದ್ದೆ. ಮೀನಿನ ತೊಟ್ಟಿಗಳನ್ನು ದಾಟಿ ಹಿಂದಿನ ಕೋಣೆಯಲ್ಲಿ ಸಾಲಾಗಿ ಗಾಜಿನ ಪೆಟ್ಟಿಗೆಗಳು. ಅಂಗಡಿಯಾಕೆ ದಪ್ಪ ಕನ್ನಡಕದ, ಮೆಲುಮಾತಿನ ಹೆಂಗಸು. ಅಲ್ಲಿದ್ದವೆಲ್ಲ ಅವರ ಬಳಿಯೇ ಮೊಟ್ಟೆಯೊಡೆದು ಹುಟ್ಟಿದ ಮರಿಗಳು. ಹಲ್ಲಿ ಆರಿಸುವುದು ಹೇಗೆ ಎಂದು ಗುಂಡಿಗೆ ಅವರೇ ಹೇಳಿಕೊಟ್ಟರು. ಬಾಲ ಕತ್ತಿನಷ್ಟಾದರೂ ದಪ್ಪ ಇರಬೇಕು, ಅದರ ಬುತ್ತಿ ಇರುವುದೇ ಬಾಲದಲ್ಲಿ. ಕಣ್ಣು ಹೊಳೆಯುತ್ತಿರಬೇಕು. ಕಾಲಿಗೆ ಐದೈದು ಬೆರಳು ಪೂರ್ತಿ ಇರಬೇಕು. ಗುಂಡಿ ಗಾಜಿಗೆ ಮೂಗು ಒತ್ತಿ ಆರು ಹಲ್ಲಿಗಳ ಬೆರಳನ್ನೂ ಎಣಿಸಿದಳು. ನನ್ನ ತಮ್ಮ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿದ. ಅವಳು ಅದನ್ನು ಬಿಟ್ಟು ಹಳದಿ ಮೈಯ, ಕೊಂಚ ಸಣ್ಣದೊಂದರ ಮುಂದೆ ನಿಂತಳು. ಅದು ಕಲ್ಲಿನ ಮೇಲೆ ಹೊಟ್ಟೆ ಊರಿ, ತಲೆ ಎತ್ತಿ, ಅರ್ಜಿ ಹಿಡಿದು ಬಂದವರನ್ನು ದೊಡ್ಡ ಅಧಿಕಾರಿ ನೋಡುವ ಹಾಗೆ ನಮ್ಮನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿತು. ಇದೇ ಬೇಕು ಅಂದಳು. ನೋಡಿದ್ರೆ ಸಾಹೇಬರ ಹಾಗಿದಾರಲ್ಲೇ ಎಂದು ನಾನು ನಕ್ಕೆ. ಹೆಸರು ಅಲ್ಲೇ ಅಂಟಿಕೊಂಡಿತು.

ಅಂಗಡಿಯಾಕೆ ಹೇಳಿದ್ದನ್ನೆಲ್ಲ ಗುಂಡಿ ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಎರಡು ವಾರ ಕೈಯಲ್ಲಿ ಎತ್ತಬಾರದು. ಪೊರೆ ಬಿಡುವಾಗ ನುಸುಳಿಕೊಳ್ಳಲು ಒದ್ದೆ ಪಾಚಿಯ ಒಂದು ಗೂಡು ಬೇಕು. ಪೆಟ್ಟಿಗೆ ಒಂದು ಕಡೆ ಬಿಸಿ ಇರಬೇಕು, ಒಂದು ಕಡೆ ತಂಪಿರಬೇಕು. ಅವಳು ಬರೆಯುತ್ತಿರುವಾಗ ಇವಳಪ್ಪ ಸುಮ್ಮನಿದ್ದಾನೆಯೇ? ಜೇಬಿನಿಂದ ಮೀಟರು ತೆಗೆದು ಅವರ ಪೆಟ್ಟಿಗೆಯನ್ನೇ ಅಳೆದ. ಈ ತುದಿಯಲ್ಲಿ ಮೂವತ್ತೆರಡು, ಆ ತುದಿಯಲ್ಲಿ ಇಪ್ಪತ್ತೈದು. ಹೊರಗೆ ಬಂದ ಮೇಲೆ ದಾರಿಯುದ್ದಕ್ಕೂ ನಕ್ಕ. ಏಳು ಡಿಗ್ರಿ ವ್ಯತ್ಯಾಸವಂತೆ, ಇವರಿಗೆ ಪೆಟ್ಟಿಗೆ ಮಾಡಲು ಬರುವುದಿಲ್ಲವಂತೆ, ಬರದ್ದನ್ನೇ ನಿಯಮ ಮಾಡಿಕೊಂಡಿದ್ದಾರಂತೆ. ಗುಂಡಿ ತನ್ನ ಪುಸ್ತಕ ತೋರಿಸಿ, ಆಂಟಿ ಹೀಗೇ ಹೇಳಿದ್ರು ಅಪ್ಪ ಅಂದಳು. ಅವರ ಪೆಟ್ಟಿಗೆ ಹಾಗಿದೆ, ಅದಕ್ಕೆ ಹಾಗೆ ಹೇಳ್ತಾರೆ, ನಾನು ಮಾಡೋದು ನೋಡು ಅಂದ. ಅವಳು ಪುಸ್ತಕ ಮುಚ್ಚಿದಳು. ಅಪ್ಪ ಎಂದರೆ ಇಡೀ ಬಡಾವಣೆಯ ಫ್ರಿಜ್ಜುಗಳನ್ನು ಸರಿ ಮಾಡುವವನು, ಅಂಗಡಿಯಾಕೆ ಒಂದು ದಿನ ಕಂಡವರು.

ಪೆಟ್ಟಿಗೆ ಮಾಡಲು ಅವನು ಒಂದು ವಾರ ತೆಗೆದುಕೊಂಡ. ಬಾಟಲಿ ತಂಪು ಮಾಡುವ ಗಾಜಿನ ಬಾಗಿಲಿನ ಹಳೆಯ ಚಿಕ್ಕ ಫ್ರಿಜ್ಜೊಂದು ಅವನ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಅದರ ಮೋಟಾರು ತೆಗೆದು, ಅಡ್ಡ ಮಲಗಿಸಿ, ಗಾಳಿಗೆ ತೂತು ಕೊರೆದು, ಕೆಳಗೆ ನುಣುಪು ಹೆಂಚು ಹಾಸಿದ. ಮೇಲೆ ಒಂದು ಹೀಟರು. ಬಿಸಿ ಒಂದೇ ಕಡೆ ನಿಲ್ಲದ ಹಾಗೆ ಗಾಳಿ ಸುತ್ತಿಸಲು ಅಂಗೈಯಷ್ಟು ಫ್ಯಾನು. ಮೂವತ್ತೆರಡು, ಇಪ್ಪತ್ತೈದು, ಎರಡೂ ಸೇರಿಸಿ ಅರ್ಧ ಮಾಡಿದರೆ ಇಪ್ಪತ್ತೆಂಟೂವರೆ. ಪೆಟ್ಟಿಗೆಗೆಂದೇ ತಂದ ಇನ್ನೊಂದು ಮೀಟರಿನ ಮೂತಿಯನ್ನು ನಟ್ಟನಡುವೆ ತೂಗುಬಿಟ್ಟು ನಲವತ್ತು ನಿಮಿಷ ಕಾದ. ನಾಲ್ಕು ಮೂಲೆ ಅಳೆದ. ಎಲ್ಲ ಕಡೆಯೂ ಇಪ್ಪತ್ತೆಂಟೂವರೆ. ನನ್ನನ್ನೂ ಹೆಂಡತಿಯನ್ನೂ ಕರೆದು ತೋರಿಸಿದ. ನನಗೆ ನಿಜಕ್ಕೂ ಸಂತೋಷವಾಯಿತು. ಮಗಳಿಗೆ ಅಂತ ಅವನು ಅಷ್ಟು ಚಂದದ ವಸ್ತು ಇನ್ನೊಂದು ಮಾಡಿರಲಿಲ್ಲ.

ಅಂಗಡಿಯಿಂದ ಸಾಹೇಬರು ಬಂದರು. ಮೊದಲ ನಾಲ್ಕು ದಿನ ಸಂಜೆ ಎರಡೆರಡು ಹುಳು ತಿಂದರು. ಹುಳು ಸಾಕುವ ಡಬ್ಬಿಯೂ ನನ್ನ ಕೋಣೆಗೇ ಬಂತು. ಹಿಟ್ಟಿನಲ್ಲಿ ಒಂದು ಹುಳು ಕಂಡರೆ ಇಡೀ ಡಬ್ಬ ಚೆಲ್ಲುತ್ತಿದ್ದ ನಾನು, ಹುಳುಗಳಿಗೆ ದಿನವೂ ಕ್ಯಾರೆಟ್ ಹೆಚ್ಚಿ ಹಾಕುವವಳಾದೆ. ಗುಂಡಿ ಶಾಲೆಯಿಂದ ಬಂದವಳೇ ಕೈತೊಳೆದು, ಗಾಜಿನ ಮುಂದೆ ಮಣೆ ಹಾಕಿ ಕೂರುತ್ತಿದ್ದಳು. ಹೆಚ್ಚು ಹೊತ್ತು ಏನೂ ನಡೆಯುತ್ತಿರಲಿಲ್ಲ. ಹಲ್ಲಿ ಸಾಕುವುದು ಎಂದರೆ ಮುಕ್ಕಾಲುಪಾಲು ಸುಮ್ಮನೆ ಕೂತು ನೋಡುವ ಕೆಲಸ. ಆ ಕೆಲಸ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಐದನೇ ದಿನ ಅವಳು ತಡೆಯಲಾರದೆ ಸಾಹೇಬರನ್ನು ಕೈಯಲ್ಲಿ ಎತ್ತಿದಳು. ಒಂದು ನಿಮಿಷವೂ ಇರಲಿಕ್ಕಿಲ್ಲ. ನನಗೊಬ್ಬಳಿಗೇ ಹೇಳಿದಳು. ಎರಡು ವಾರ ಎತ್ತಬಾರದು ಅಂದಿದ್ರು, ಎತ್ಬಿಟ್ಟೆ ಅತ್ತೆ. ನಾನು ಸೂಜಿಗೆ ದಾರ ಪೋಣಿಸುತ್ತಾ, ಹೋಗ್ಲಿ ಬಿಡು, ಅದಕ್ಕೇನು ಕ್ಯಾಲೆಂಡರ್ ಗೊತ್ತಾ ಎಂದೆ. ಮರುದಿನ ಸಂಜೆ ಸಾಹೇಬರು ಊಟ ಬಿಟ್ಟರು.

ಒಂದು ದಿನ, ಎರಡು ದಿನ, ಒಂದು ವಾರ. ಹುಳು ಮೂಗಿನ ಮುಂದೆ ಹರಿದು ಹೋದರೂ ಅಲ್ಲಾಡುವುದಿಲ್ಲ. ಪೆಟ್ಟಿಗೆಯ ಹಿಂದಿನ ಎಡಮೂಲೆಗೆ ಹೋಗಿ, ಗೋಡೆಗೆ ಮೈ ಒತ್ತಿ, ನಮಗೆ ಬೆನ್ನು ಮಾಡಿ ಮಲಗುವುದೊಂದೇ. ಗುಂಡಿ ಗಾಜಿನ ಯಾವ ಕಡೆ ಕೂತರೂ ಅದು ಆ ಮೂಲೆ ಬಿಡುತ್ತಿರಲಿಲ್ಲ. ಪೊರೆ ಬಿಟ್ಟಾಗ ಬೆರಳುಗಳ ತುದಿಯಲ್ಲಿ ಚೂರುಚೂರು ಒಣಗಿ ಅಂಟಿಕೊಂಡಿತು. ಅವಳಮ್ಮ ಡ್ಯೂಟಿ ಮುಗಿಸಿ ಬಂದು, ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಹತ್ತಿಯಲ್ಲಿ ಒಂದೊಂದೇ ಬೆರಳು ಬಿಡಿಸಿದಳು. ಗಾಳಿ ಒಣಗಿದ ಹಾಗಿದೆ ರೀ ಎಂದು ಗಂಡನಿಗೆ ಹೇಳಿದಳು. ಅವನು ಮೀಟರು ತೋರಿಸಿದ. ದಿನವೂ ಅದನ್ನೇ ತೋರಿಸುತ್ತಿದ್ದ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಗ್ಗಿ ನೋಡಿ, ಪೆಟ್ಟಿಗೆ ಸರಿಯಾಗೇ ಇದೆ ಎನ್ನುತ್ತಿದ್ದ. ಸಂಜೆ ಬಂದು ನೋಡಿ ಮತ್ತೆ ಅದೇ ಮಾತು. ಅಷ್ಟು ಹೇಳಿ ಅವನು ಕೈತೊಳೆಯಲು ಹೋಗುತ್ತಿದ್ದ. ಗುಂಡಿ ಅಲ್ಲೇ ಕೂತಿರುತ್ತಿದ್ದಳು.

ನಾನು ಗಲಾಟೆ ಮಾಡಿದ್ದಕ್ಕೆ ಅಂಗಡಿಯಾಕೆಗೆ ಫೋನು ಮಾಡಿದ. ಬಿಸಿ ಎಷ್ಟಿದೆ ಎಂದು ಅವರು ಕೇಳಿರಬೇಕು. ಇಪ್ಪತ್ತೆಂಟೂವರೆ, ಹಗಲೂ ರಾತ್ರಿ, ಎಲ್ಲ ಕಡೆಯೂ ಅಂದ. ಎಲ್ಲ ಕಡೆಯೂನಾ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಹೌದು, ಎಲ್ಲ ಕಡೆಯೂ ಎಂದು ಎದೆ ಉಬ್ಬಿಸಿ ಹೇಳಿದವನು, ಆಕೆ ಬಾಯಿ ತೆರೆಯುವ ಮುಂಚೆ ಫೋನಿಟ್ಟ. ಆಕೆಗೂ ಆಶ್ಚರ್ಯ ಆಯ್ತು ನೋಡು ಅಂದ. ಅವನು ಅದನ್ನು ಶಹಭಾಸ್‌ಗಿರಿ ಎಂದುಕೊಂಡಿದ್ದ. ನನಗೂ ಹಾಗೇ ಅನಿಸಿತು ಎನ್ನಲು ನಾಚಿಕೆಯಾಗುತ್ತದೆ.

ಮೂರನೇ ವಾರದ ಹೊತ್ತಿಗೆ ಸಾಹೇಬರ ಬಾಲ ಸೊರಗಿತು. ಬುಧವಾರ ಸಂಜೆ ಗುಂಡಿ ನನ್ನ ಮೆಷಿನ್ನಿನ ಪಕ್ಕ ಬಂದು ನಿಂತಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅತ್ತೆ, ಭಾನುವಾರ ಅಂಗಡಿಗೆ ಕರ್ಕೊಂಡು ಹೋಗ್ತೀರಾ? ಸಾಹೇಬರನ್ನ ವಾಪಸ್ ಕೊಡಬೇಕು.”

ಯಾಕೆ ಎಂದೆ.

“ಅದಕ್ಕೆ ನಾನಂದ್ರೆ ಆಗಲ್ಲ. ನಾನು ಎತ್ಕೊಂಡಿದ್ದಕ್ಕೇ ಹೀಗಾಗಿದ್ದು. ಅದಕ್ಕೇ ಬೆನ್ನು ಮಾಡ್ಕೊಂಡು ಮೂಲೇಲಿ ಕೂರುತ್ತೆ. ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಡಿ ಅಂತ ಆಂಟಿಗೆ ಹೇಳ್ತೀನಿ. ಮತ್ತೆ ನಂಗೆ ಯಾವ ಪ್ರಾಣೀನೂ ಬೇಡ.”

ಹಾಗೆಲ್ಲ ಇಲ್ಲ ಕಣೇ ಎಂದು ನಾನು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿ ಹೋದಳು. ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತು ಯಾವುದು ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಆ ದಿನ ಹೊಲಿಗೆ ಸಾಗಲಿಲ್ಲ. ಒಂದು ತೋಳನ್ನು ತಿರುಗುಮುರುಗು ಹೊಲಿದು ಪೂರ್ತಿ ಬಿಚ್ಚಿದೆ. ಹಲ್ಲಿಯ ಮಾತು ಬಿಡಿ, ಒಂಬತ್ತು ವರ್ಷದ ಹುಡುಗಿ ತನ್ನ ಕೈ ಮುಟ್ಟಿದ್ದೆಲ್ಲ ಕೆಡುತ್ತದೆ ಎಂದು ಭಾನುವಾರ ತೀರ್ಮಾನ ಮಾಡಿಕೊಂಡು ಮನೆಗೆ ಬರುವವಳಿದ್ದಳು.

ಮರುದಿನ ಅವಳು ಶಾಲೆಗೆ ಹೋದ ಮೇಲೆ ತಮ್ಮನನ್ನು ಕೆಲಸಕ್ಕೆ ಹೋಗಲು ಬಿಡಲಿಲ್ಲ. ಅವಳು ಅಂದದ್ದನ್ನು ಅಂದ ಹಾಗೇ ಹೇಳಿದೆ. ಎತ್ತಿದ ಸಂಗತಿಯನ್ನೂ ಹೇಳಿದೆ. ಅವನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ನಿಮಿಷ ಎತ್ತಿದರೆ ಪ್ರಾಣಿ ಮೂರು ವಾರ ಉಪವಾಸ ಕೂರುತ್ತದೆಯೇ ಎಂದು ತನಗೆ ತಾನೇ ಕೇಳಿಕೊಂಡ. ಆಮೇಲೆ ಅದು ಯಾವ ಮೂಲೆಯಲ್ಲಿ ಕೂರುತ್ತದೆ ಎಂದು ನನ್ನನ್ನು ಕೇಳಿದ. ದಿನವೂ ಮೀಟರು ನೋಡುತ್ತಿದ್ದನೇ ಹೊರತು ಹಲ್ಲಿಯನ್ನು ಅವನು ನೋಡಿರಲಿಲ್ಲ.

ಯಾವಾಗಲೂ ಅದೇ ಮೂಲೆ, ಹಿಂದಿನ ಎಡಗಡೆ ಎಂದೆ. ಅವನು ಬಾಗಿಲು ತೆರೆದು ಕೈ ಚಾಚಿ, ಸಾಹೇಬರನ್ನು ತಾಗದ ಹಾಗೆ ಆ ಗೋಡೆ ಮುಟ್ಟಿದ. ಇಪ್ಪತ್ತು ವರ್ಷದಿಂದ ಫ್ರಿಜ್ಜನ್ನು ಕೈಯಿಂದ ಮುಟ್ಟಿ ನೋಡುವವರನ್ನು ಕಂಡರೆ ಬೈಯುವ ಮನುಷ್ಯ, ಅಂಗೈ ಅಲ್ಲೇ ಇಟ್ಟುಕೊಂಡು ಕೂತುಬಿಟ್ಟ. ಆಮೇಲೆ ಎದ್ದು ಪೆಟ್ಟಿಗೆಯನ್ನು ಗೋಡೆಯಿಂದ ಈಚೆ ಎಳೆದ. ಫ್ಯಾನಿಗೆ ಕರೆಂಟು ಕೊಡುವ ಅಡಾಪ್ಟರನ್ನು ಪೆಟ್ಟಿಗೆಯ ಹಿಂಬದಿಗೇ ಅಂಟಿಸಿದ್ದ. ತಂತಿ ಒಳಗೆ ಹೋಗಲು ಅಲ್ಲೊಂದು ತೂತು ಕೊರೆದು, ಸುತ್ತ ಥರ್ಮೋಕೋಲ್ ತುಂಬುವುದನ್ನು ಮರೆತಿದ್ದ. ಅಡಾಪ್ಟರಿನ ಬಿಸಿ ಆ ಸಂದಿನಿಂದ ಒಳಗಿನ ಗೋಡೆಗೆ ಸೋರುತ್ತಿತ್ತು. ಹೆಬ್ಬೆರಳಿನಷ್ಟು ಜಾಗ. ಅಳೆದ. ಮೂವತ್ತೊಂದು. ಹೆಂಚಿನ ಮೇಲೆ ಮೊದಲ ಸಲ ಮೂತಿ ಊರಿ ಅಳೆದ. ಫ್ಯಾನಿನ ಗಾಳಿ ಬಡಿದು ಬಡಿದು ನೆಲ ಇಪ್ಪತ್ತಾರಕ್ಕೆ ಇಳಿದಿತ್ತು.

ಪೂರ್ತಿ ಪೆಟ್ಟಿಗೆಯಲ್ಲಿ ಅವನ ಕೆಲಸ ಕೆಟ್ಟಿದ್ದು ಅದೊಂದೇ ಜಾಗದಲ್ಲಿ. ಆ ಪ್ರಾಣಿ ಜೀವ ಹಿಡಿದುಕೊಂಡಿದ್ದೂ ಅಲ್ಲೇ.

ಅಂಗಡಿಯಾಕೆಗೆ ಫೋನು ಮಾಡಿದ. ಈ ಸಲ ಕೇಳಿಸಿಕೊಂಡ. ಆಕೆ ಹೇಳಿದ್ದು ಇಷ್ಟು. ಇವು ತಿಂದದ್ದು ಅರಗಬೇಕಾದರೆ ಹೊಟ್ಟೆಗೆ ಕೆಳಗಿನಿಂದ ಬಿಸಿ ತಾಗಬೇಕು. ಬಿಸಿ ಸಾಕಾದಾಗ ತಂಪಿಗೆ ಹೋಗಲು ಜಾಗ ಇರಬೇಕು. ಯಾವಾಗ ಎಷ್ಟು ಬೇಕು ಎಂಬುದನ್ನು ಹಲ್ಲಿ ತಾನೇ ಆರಿಸಿಕೊಳ್ಳುತ್ತದೆ, ನಾವು ಆರಿಸಲಾಗುವುದಿಲ್ಲ. ಹೊಟ್ಟೆ ತಣ್ಣಗಿದ್ದರೆ ತಿನ್ನುವುದನ್ನು ಬಿಡುತ್ತದೆ. ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅವನು ಅಂದು ಕೆಲಸಕ್ಕೆ ಹೋಗಲಿಲ್ಲ. ಫ್ಯಾನು ಕಿತ್ತ. ಬಲಗಡೆ ಹೆಂಚಿನ ಕೆಳಗೆ ಕರೆಂಟಿನಿಂದ ಬಿಸಿಯಾಗುವ ಹಾಳೆ ಹಾಸಿದ. ಪೆಟ್ಟಿಗೆಯ ಮೀಟರಿನ ಮೂತಿಯನ್ನು ನಡುವಿನಿಂದ ಬಿಚ್ಚಿ ಹೆಂಚಿಗೆ ಒತ್ತಿ ಕಟ್ಟಿದ. ಒದ್ದೆ ಪಾಚಿಯ ಗೂಡನ್ನು ಬೆಚ್ಚಗಿನ ಕಡೆಗೆ ಸರಿಸಿದ. ಮಧ್ಯಾಹ್ನದ ಹೊತ್ತಿಗೆ ಬಲತುದಿಯಲ್ಲಿ ಮೂವತ್ತೆರಡು, ಎಡತುದಿಯಲ್ಲಿ ಇಪ್ಪತ್ತೈದು. ಅಂಗಡಿಯಲ್ಲಿ ಕಂಡು ನಕ್ಕಿದ್ದ ಅದೇ ಲೆಕ್ಕ. ಕೈ ಒರೆಸಿಕೊಂಡು, ಸರಿಯಾಯ್ತು ಅಕ್ಕ, ಇನ್ನು ತಿನ್ನುತ್ತೆ ಅಂದ.

ಮಗೂಗೆ ಏನು ಹೇಳ್ತೀಯಾ ಎಂದು ಕೇಳಿದೆ. ಹೇಳೋದೇನು, ಸರಿ ಆಯ್ತಲ್ಲ, ತಿನ್ನೋಕೆ ಶುರು ಮಾಡಿದ್ರೆ ಅವಳೇ ಖುಷಿಯಾಗ್ತಾಳೆ ಅಂದ. ನನಗೆ ಕೋಪ ಎಲ್ಲಿತ್ತೋ ಬಂತು. ದೊಡ್ಡವರಿಗೆ ಸರಿ ಮಾಡಿದ ಕತ್ತರಿ ಸಾಕು. ಮಕ್ಕಳಿಗೆ ಸಾಲುವುದಿಲ್ಲ.

“ನೀನು ಪೆಟ್ಟಿಗೆ ಸರಿ ಮಾಡಿದೆ, ಮಗೂನ ಯಾರು ಸರಿ ಮಾಡ್ತಾರೆ? ಬಾಯಿ ಬಿಟ್ಟು ಹೇಳಬೇಕು. ನಾನಲ್ಲ, ನೀನು.”

ಅವನು ಮುಖ ಊದಿಸಿಕೊಂಡು ಸ್ಕ್ರೂಡ್ರೈವರುಗಳನ್ನು ಜೋಡಿಸುತ್ತಾ ಕೂತ. ನಾನು ಮೆಷಿನ್ನಿಗೆ ಹೋದೆ. ಅಕ್ಕತಮ್ಮ ಇಬ್ಬರೂ ಮಾತು ಬಿಟ್ಟು ಮೂರು ಗಂಟೆ ಕಳೆದೆವು.

ಗುಂಡಿ ಬಂದಳು. ಚೀಲ ಇಳಿಸಿ, ಕೈತೊಳೆದು, ಗಾಜಿನ ಮುಂದೆ ಹೋದಳು. ಸಾಹೇಬರು ಮೂಲೆ ಬಿಟ್ಟು ಹೊರಗೆ ಬಂದಿದ್ದರು. ಬಲಗಡೆಯ ಬೆಚ್ಚನೆ ಹೆಂಚಿನ ಮೇಲೆ ಹೊಟ್ಟೆ ಪೂರ್ತಿ ಊರಿ, ನಾಲ್ಕೂ ಕಾಲು ಚೆಲ್ಲಿ, ಕಣ್ಣು ಮುಚ್ಚಿ ಮಲಗಿದ್ದರು. ಅಷ್ಟು ಆರಾಮವಾಗಿ ಅವರು ಮಲಗಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅವಳ ಮುಖ ಅರಳುತ್ತದೆ ಎಂದು ನಾನು ಕಾದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಧ್ವನಿ ತಗ್ಗಿಸಿ ಹೇಳಿದಳು.

“ನೋಡಿ ಅತ್ತೆ. ನಾನು ಮನೇಲಿಲ್ಲ ಅಂದ್ರೆ ಅದು ಎಷ್ಟು ಚೆನ್ನಾಗಿರುತ್ತೆ.”

ಬಾಗಿಲ ಬಳಿ ನಿಂತಿದ್ದ ನನ್ನ ತಮ್ಮನಿಗೂ ಅದು ಕೇಳಿಸಿತು. ನಾನು ಅವನ ಕಡೆ ನೋಡಲಿಲ್ಲ, ನೋಡಲು ನನಗೇ ಆಗಲಿಲ್ಲ. ಅವನು ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

“ನೀನು ಎತ್ಕೊಂಡಿದ್ದಕ್ಕಲ್ಲ ಮಗಾ. ಅದಕ್ಕೆ ಚಳಿಯಾಗ್ತಿತ್ತು. ನಾನು ಪೆಟ್ಟಿಗೆ ತಪ್ಪು ಮಾಡಿದ್ದೆ.”

ಅವಳು ಅವನ ಮುಖವನ್ನೇ ನೋಡಿದಳು. ಅವನು ಅವಳ ಕೈ ಹಿಡಿದು ಪೆಟ್ಟಿಗೆಯೊಳಗೆ ಇಡಿಸಿ, ಮೊದಲು ಬಲಗಡೆಯ ಹೆಂಚು ಮುಟ್ಟಿಸಿದ, ಆಮೇಲೆ ಎಡಗಡೆಯದ್ದು. ಮೊದಲು ಎಲ್ಲ ಕಡೆ ಹೀಗೇ ತಣ್ಣಗಿತ್ತು ಎಂದ. ಆ ಮೂಲೆಯ ಗೋಡೆ ತೋರಿಸಿ, ಇಲ್ಲೊಂದೇ ಕಡೆ ಸ್ವಲ್ಪ ಬಿಸಿ ಇತ್ತು, ಅದಕ್ಕೇ ಇಲ್ಲಿ ಬಂದು ಕೂರುತ್ತಿತ್ತು, ನಿನ್ನ ಮೇಲಿನ ಕೋಪಕ್ಕಲ್ಲ ಎಂದ. ಅಂಗಡಿಯ ಆಂಟಿ ಹೇಳಿದ್ದು ಸರಿ, ನೀನು ಬರೆದುಕೊಂಡಿದ್ದೂ ಸರಿ, ನಾನು ಕೇಳಲಿಲ್ಲ ಎಂದ. ಇಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಎಲ್ಲ ಮುಗಿದ ಮೇಲೆ ಕೇಳಿದಳು.

“ಮತ್ತೆ ನೀವು ದಿನಾ ಪೆಟ್ಟಿಗೆ ಸರಿ ಇದೆ, ಸರಿ ಇದೆ ಅಂತಿದ್ರಲ್ಲಪ್ಪ. ಪೆಟ್ಟಿಗೆ ಸರಿ ಇದ್ರೆ ತಪ್ಪು ನಂದೇ ಆಗ್ಬೇಕಲ್ವಾ?”

ಅವಳು ಜಗಳಕ್ಕೆ ಕೇಳಿದ್ದಲ್ಲ. ಮೂರು ವಾರ ತಾನು ಹಾಕಿಕೊಂಡಿದ್ದ ಲೆಕ್ಕವನ್ನು ಅಪ್ಪನ ಮುಂದೆ ಇಟ್ಟಳು, ಅಷ್ಟೇ. ನನ್ನ ತಮ್ಮ ಹೂಂ ಅಂದ. ಇನ್ನೊಂದು ಸಲ ಹೂಂ ಅಂದ. ಆಮೇಲೆ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಮೂರು ವಾರದಿಂದ ಬಾರದ ಅಳು ಅವಳಿಗೆ ಆಗ ಬಂತು. ಅವನ ಅಂಗಿ ಜೇಬಿನ ಮೀಟರು ಅವಳ ಕೆನ್ನೆಗೆ ಚುಚ್ಚಿರಬೇಕು, ಅದನ್ನು ತೆಗೆದು ಪಕ್ಕಕ್ಕಿಟ್ಟ. ನಾನು ಒಳಗೆ ಹೋಗಿ ಕಾರಣವಿಲ್ಲದೆ ಪಾತ್ರೆ ತೊಳೆದೆ.

ಭಾನುವಾರ ಯಾರೂ ಅಂಗಡಿಗೆ ಹೋಗಲಿಲ್ಲ. ಅಂದು ಸಂಜೆ ಸಾಹೇಬರು ಒಂದು ಹುಳು ತಿಂದರು. ಮರುದಿನ ಎರಡು. ಬಾಲ ತುಂಬಿಕೊಳ್ಳಲು ಮತ್ತೆ ಒಂದೂವರೆ ತಿಂಗಳು ಬೇಕಾಯಿತು. ಅಷ್ಟು ದಿನವೂ ಗುಂಡಿ ಅದನ್ನು ಎತ್ತಲಿಲ್ಲ. ಬಾಗಿಲು ತೆರೆದು ಅಂಗೈಯನ್ನು ಹೆಂಚಿನ ಮೇಲೆ ಅಗಲವಾಗಿ ಇಟ್ಟು ಕಾಯುತ್ತಿದ್ದಳು, ಬಂದರೆ ಬರಲಿ ಎಂಬ ಹಾಗೆ. ಒಂದು ಸಂಜೆ ತಂಪಿನ ಕಡೆಯಿಂದ ಸಾಹೇಬರು ಎದ್ದು, ಬೆಚ್ಚನೆ ಹೆಂಚಿಗೆ ಹೋಗುವ ದಾರಿಯಲ್ಲಿ ನಿಂತು, ಯೋಚಿಸಿ, ಅವಳ ಅಂಗೈ ಹತ್ತಿದರು. ಹತ್ತಿ ಅಲ್ಲೇ ಹೊಟ್ಟೆ ಊರಿ ಮಲಗಿದರು.

ನಾನೂ ಅವಳಪ್ಪನೂ ಅಲ್ಲಿದ್ದೆವು. ಗುಂಡಿ ಕೈ ಅಲ್ಲಾಡಿಸದೆ, ಉಸಿರು ಹಿಡಿದು ಕೇಳಿದಳು.

“ಅಪ್ಪ, ಇದು ನನ್ನ ಕೈ ಬೆಚ್ಚಗಿದೆ ಅಂತ ಬಂತಾ, ನಾನು ಅಂತ ಬಂತಾ?”

ಇಂಥ ಪ್ರಶ್ನೆಗೆ ಅವನು ಕಾಲು ಗಂಟೆ ಭಾಷಣ ಮಾಡುವವನು. ಮೈಯ ಬಿಸಿ ಎಷ್ಟು ಡಿಗ್ರಿ, ಅಂಗೈಯ ಬಿಸಿ ಎಷ್ಟು ಡಿಗ್ರಿ, ಹೆಂಚಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಎಲ್ಲ ಹೇಳಿಯಾನು ಎಂದು ನಾನು ಬಾಗಿಲಿಗೆ ಒರಗಿ ನಿಂತೆ. ಅವನು ಬಗ್ಗಿ, ಅವಳ ಕೈಯನ್ನೂ ಅದರ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಸಾಹೇಬರನ್ನೂ ಬಹಳ ಹೊತ್ತು ನೋಡಿದ.

“ಗೊತ್ತಿಲ್ಲಮ್ಮ” ಅಂದ. ಅವನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವಳು ನಾನು. ಆ ಮಾತು ಅವನ ಬಾಯಲ್ಲಿ ಮೊದಲ ಸಲ ಕೇಳಿದೆ. ಗುಂಡಿ, ನಂಗೂ ಗೊತ್ತಿಲ್ಲ ಎಂದು ಅವನಿಗೆ ಒರಗಿ ಕೂತಳು.